ಜಾಲವನ್ನು ಕಾಯುವವರು ಯಾರು?

ನಾವು ವಾಸಿಸುವ ಒಮಾನ್ ದೇಶದಲ್ಲಿ ನೆಲದಡಿಯ ಮತ್ತು ಬುಗ್ಗೆಗಳ ನೀರನ್ನು ತೋಟಗಳಿಗೆ ಹರಿಸುವ ಕಾಲುವೆಗೆ ಫಲಜ್ ಎನ್ನುತ್ತಾರೆ. ನಿಜ್ವಾದ ಫಲಜ್ ದಾರಿಸ್ ಸೇರಿ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಊರಿನವರೇ ಇವುಗಳನ್ನು ನಡೆಸುತ್ತಾರೆ. ಸುಮಾರು ಅರ್ಧ ಗಂಟೆಯ ನೀರಿನ ಪಾಲಿಗೆ ‘ಅಥರ್’ ಎಂದು ಹೆಸರು. ಕೆಲವು ಪಾಲುಗಳನ್ನು ಹರಾಜು ಹಾಕಿ, ಬಂದ ಹಣದಿಂದ ಕಾಲುವೆಯನ್ನು ದುರಸ್ತಿ ಮಾಡಿಸುತ್ತಾರೆ.

ಒಬ್ಬನೇ ಒಡೆಯನಿಲ್ಲದ ಕಂಪ್ಯೂಟರ್ ಜಾಲಗಳೂ ಇವೆ. ಅವುಗಳಲ್ಲಿ ಸೇರಿದ ಒಂದೊಂದು ಕಂಪ್ಯೂಟರಿಗೂ ನೋಡ್ ಎನ್ನುತ್ತಾರೆ. ಸ್ವಂತ ಖರ್ಚಿನಲ್ಲಿ ಅದನ್ನು ಯಾರಾದರೂ ಏಕೆ ನಡೆಸಬೇಕು? 2001ರಲ್ಲಿ ಬಂದ ಬಿಟ್‌ಟೊರೆಂಟ್, ಇತರರಿಗೆ ಫೈಲ್ ಕೊಡುವವರಿಗೆ ತಾವು ಬೇಡಿದ ಫೈಲ್ ಬೇಗ ಸಿಗುವಂತೆ ಮಾಡಿತು. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್‌ನಲ್ಲಿ ಲೆಕ್ಕದ ಹೊಸ ಪುಟ ಸೇರಿಸುವ ‘ಮೈನರ್’ಗೆ ಬಹುಮಾನವಿದೆ, ಆ ಲೆಕ್ಕ ಸರಿಯೇ ಎಂದು ಪರಿಶೀಲಿಸುವ ಸಾಮಾನ್ಯ ನೋಡ್‌ಗೆ ಬಿಡಿಗಾಸೂ ಇಲ್ಲ. ಯಾರನ್ನೂ ನಂಬಬೇಕಾಗಿಲ್ಲದೆ ಲೆಕ್ಕವನ್ನು ತಾನೇ ನೋಡಿಕೊಳ್ಳಬಹುದೆಂಬುದೇ ಅದರ ಲಾಭ.

ಇಷ್ಟು ಲಾಭ ಸಾಲದೆಂದು ಜನರು ನೋಡ್‌ಗಳನ್ನು ನಿಲ್ಲಿಸಿದರೆ ಪರಿಶೀಲನೆ ಕೆಲವರ ಕೈಗೇ ಸೇರುತ್ತದೆ. ಆಗ ಜಾಲಕ್ಕೆ ಒಡೆಯರು ಹುಟ್ಟಿಕೊಳ್ಳುತ್ತಾರೆ. ನೀರಿನಲ್ಲಿ ಪಾಲಿರುವಂತೆ ದುರಸ್ತಿಗೂ ಒಂದು ಪಾಲು ಮೀಸಲಿಡಬೇಕೆಂಬುದು ಫಲಜ್‌ನಿಂದ ನಾವು ಕಲಿಯಬಹುದಾದ ಪಾಠ.