ಕಾವಲು ಮತ್ತು ಪ್ರತಿ

ನನ್ನ ತಂದೆಯವರು ತಮ್ಮ ಜೀವಿತದ ಕೊನೆಯ ಮೂವತ್ತು ವರ್ಷಗಳಲ್ಲಿ ಬಂಧುಮಿತ್ರರಿಗೆ ಬರೆದ ಪತ್ರಗಳ ಪ್ರತಿಗಳನ್ನೂ ಅವರಿಂದ ಬಂದ ಉತ್ತರಗಳನ್ನೂ ಒಂದೊಂದಾಗಿ ಸ್ಕ್ಯಾನ್ ಮಾಡಿ, ನುಡಿ ತಂತ್ರಾಂಶದಲ್ಲಿ ಅವಕ್ಕೆ ಟಿಪ್ಪಣಿಗಳನ್ನು ಬರೆದಿಡುವ ಕಾರ್ಯವನ್ನು ನಾನು ಕೈಗೊಂಡು ಕೆಲವು ವರ್ಷಗಳಾದುವು. ಆ ಸಂಗ್ರಹವೆಲ್ಲವೂ ಮೇಜಿನ ಮೇಲಿನ ಒಂದು ಲ್ಯಾಪ್‌ಟಾಪಿನಲ್ಲಿಯೇ ಇದ್ದುದರಿಂದ ಅದರ ರಕ್ಷಣೆಯ ವಿಷಯದಲ್ಲಿ ನನ್ನ ಮನಸ್ಸು ಸದಾ ಆತಂಕಗೊಂಡಿರುತ್ತಿತ್ತು. ಆ ಆತಂಕವು ನನಗೆ ಕಲಿಸಿದ ಪಾಠವನ್ನು ನನ್ನಂತೆಯೇ ಮನೆಯಲ್ಲಿ ಕುಳಿತು ಬರೆಯುವವರಲ್ಲಿ ನಿವೇದಿಸಿಕೊಳ್ಳುವುದು ಉಚಿತವೆಂದು ತೋರಿದೆ.

ಯಂತ್ರವನ್ನು ಕೊಂಡಾಗ ಅದರೊಡನೆ ಆಂಟಿವೈರಸ್ ತಂತ್ರಾಂಶವೊಂದು ಒಂದು ವರ್ಷದ ಅವಧಿಗೆ ಉಚಿತವಾಗಿ ಬಂದಿತ್ತು. ಅವಧಿಯು ತೀರುತ್ತಲೇ ಅಪಾಯವನ್ನು ಸಾರುವ ಕೆಂಪು ಸೂಚನೆಗಳು ದಿನಕ್ಕೆ ಹಲವು ಬಾರಿ ಪರದೆಯ ಮೂಲೆಯಲ್ಲಿ ಕಾಣಿಸಿಕೊಳ್ಳತೊಡಗಲು, ನಾನು ಹಣ ತೆತ್ತು ಅದನ್ನು ನವೀಕರಿಸಿದೆನು. ಅಷ್ಟರಿಂದಲೂ ಸಮಾಧಾನ ಹೊಂದದೆ ಮಿತ್ರರೊಬ್ಬರ ಸಲಹೆಯಂತೆ ಮತ್ತೊಂದನ್ನೂ ಸೇರಿಸಿದೆನು. ಅಂದಿನಿಂದ ಯಂತ್ರದ ಗತಿ ಮಂದವಾಯಿತು. ‘ಕ್ಷೇಮ’ ಎಂಬ ಪದದ ಕೀಲಿಗಳನ್ನೆಲ್ಲ ಒತ್ತಿ ಮುಗಿಸಿದ ಮೇಲೆ ಮೊದಲು ಬರಿಯ ಕಕಾರವು ಮೂಡಿ, ತುಸು ಹೊತ್ತು ಕಳೆದ ಬಳಿಕವೇ ಉಳಿದ ಅಕ್ಷರಗಳು ಬಂದು ಅದನ್ನು ಕೂಡಿಕೊಳ್ಳುತ್ತಿದ್ದುವು.

ದೀಪಾವಳಿಗೆಂದು ಧಾರವಾಡಕ್ಕೆ ಬಂದ ನನ್ನ ತಮ್ಮನ ಮಗನು, ಕಂಪ್ಯೂಟರುಗಳ ನಿರ್ವಹಣೆಯೇ ಅವನ ಉದ್ಯೋಗವಾದುದರಿಂದ, ಯಂತ್ರವನ್ನು ಕ್ಷಣಕಾಲ ಪರೀಕ್ಷಿಸಿ ನುಡಿದನು: “ದೊಡ್ಡಪ್ಪಾ, ನೀವು ಒಂದು ಫೈಲ್ ತೆಗೆದ್ರ ಎರಡೂ ಕೂಡೇ ಅದನ್ನ ತಪಾಸ ಮಾಡತಾವ್ರಿ. ಎರಡನ್ನೂ ತೆಗೀಲೇನ್ರಿ?”

“ತೆಗೆದರೆ ಕಾಯುವವರು ಯಾರು?” ಎಂದು ನಾನು ಕೇಳಿದೆನು.

2012ರ ವಿಂಡೋಸ್ 8 ಮೊದಲ್ಗೊಂಡು ಡಿಫೆಂಡರ್ ಎಂಬ ಆಂಟಿವೈರಸ್ ವ್ಯವಸ್ಥೆಯು ವಿಂಡೋಸಿನ ಅಂಗವಾಗಿಯೇ ಬರುತ್ತಿರುವುದೆಂದೂ, ಬೇರೊಂದನ್ನು ಸ್ಥಾಪಿಸಿದಾಗ ಅದು ತಾನಾಗಿ ಹಿಂದೆ ಸರಿದು, ಆ ಬೇರೊಂದನ್ನು ತೆಗೆದೊಡನೆ ಪುನಃ ತನ್ನ ಸ್ಥಾನಕ್ಕೆ ಬರುವುದೆಂದೂ ಅವನು ವಿವರಿಸಿದನು. ಮಾತಿನಿಂದ ನಾನು ಒಪ್ಪಲಾರೆನೆಂದು ತಿಳಿದು, ಎರಡನ್ನೂ ತೆಗೆದಾದ ಮೇಲೆ ನೋಟ್‌ಪ್ಯಾಡ್ ತೆರೆದು, ಐಕಾರ್ ಎಂಬ ಹೆಸರಿನ 68 ಅಕ್ಷರಗಳ ಪರೀಕ್ಷಾ ಸಾಲನ್ನು ಅದರಲ್ಲಿ ಬರೆದನು. ಆ ಸಾಲು ಯಾವ ಕೇಡನ್ನೂ ಮಾಡತಕ್ಕುದಲ್ಲ. ಆಂಟಿವೈರಸ್ ಎಚ್ಚರವಾಗಿದೆಯೆ ಎಂದು ಅರಿಯುವುದಕ್ಕಾಗಿಯೇ ರಚಿತವಾದುದು. ಅದನ್ನು ಉಳಿಸಿದೊಡನೆ ಡಿಫೆಂಡರ್ ಆ ಕಡತವನ್ನು ಹಿಡಿದು ಪ್ರತ್ಯೇಕಿಸಿತು. ಕೆಂಪು ಸೂಚನೆಗಳಲ್ಲಿ ಹಲವು ಆಂಟಿವೈರಸ್ಸಿನವೇ ಅಲ್ಲ, ಎಂದೋ ಯಾವುದೋ ಜಾಲತಾಣಕ್ಕೆ ನಾನು ಬ್ರೌಸರಿನಲ್ಲಿ ಕೊಟ್ಟಿದ್ದ ಅನುಮತಿಯಿಂದ ಬರುತ್ತಿದ್ದ ಜಾಹೀರಾತುಗಳೆಂಬುದೂ ಅಂದೇ ತಿಳಿಯಿತು.

ಅನಂತರ ಅವನು ಹೇಳಿದ ಸಂಗತಿಯೊಂದು ನನ್ನ ವಿಚಾರದ ದಿಕ್ಕನ್ನೇ ಬದಲಿಸಿತು. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ಹಬ್ಬಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಕಂಪ್ಯೂಟರುಗಳು ಸ್ತಬ್ಧವಾದುವಷ್ಟೆ; ಅದು ನುಗ್ಗಿದ ಬಿರುಕನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಪ್ರಕಟಿಸಿದ್ದಿತು. ‘ಅಪ್‌ಡೇಟ್’ ಎಂದು ಯಂತ್ರವು ಕೇಳಿದಾಗಲೆಲ್ಲ ಬರವಣಿಗೆಗೆ ಅಡ್ಡಿಯೆಂದು ಮುಂದೂಡುತ್ತ ಬಂದಿದ್ದ ನಾನು, ಹಣ ತೆತ್ತು ಕಾವಲನ್ನು ಹೆಚ್ಚಿಸುತ್ತಲೇ ಗೋಡೆಯ ಬಿರುಕನ್ನು ತೆರೆದಿಟ್ಟಿದ್ದೆನೆಂಬುದು ಆಗ ಅರಿವಾಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅದನ್ನು ಬಳಸುವವರು ಆಂಟಿವೈರಸ್ಸಿಗಿಂತ ಮುಂಚೆ ಯೋಚಿಸಬೇಕಾದುದು ಈ ಪರಿಷ್ಕರಣೆಗಳ ವಿಷಯವನ್ನೇ.

ಯಾವ ಕಾವಲೂ ಕಾಯಲಾಗದ ಬಾಗಿಲೊಂದಿದೆ. ಅದು ಯಜಮಾನನು ತಾನೇ ತೆರೆಯುವ ಬಾಗಿಲು. ನಮ್ಮ ಬೀದಿಯ ಹಿರಿಯರೊಬ್ಬರು ಬ್ಯಾಂಕಿನವನೆಂದು ಹೇಳಿಕೊಂಡವನ ಮಾತನ್ನು ನಂಬಿ, ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವನ್ನು ತಾವೇ ಸ್ಥಾಪಿಸಿ ಹಣ ಕಳೆದುಕೊಂಡರು. ಆ ತಂತ್ರಾಂಶವು ನ್ಯಾಯವಾದ ಕೆಲಸಗಳಿಗೂ ಬಳಕೆಯಾಗುವಂಥದಾದುದರಿಂದ ಅವರ ಆಂಟಿವೈರಸ್ ಸುಮ್ಮನಿದ್ದಿತು. ಇಂಥ ವೇಳೆಯಲ್ಲಿ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆಮಾಡುವುದೇ ಪರಿಹಾರದ ಮೊದಲ ಹೆಜ್ಜೆ.

ಹಾಗೆಂದು ಹೆಚ್ಚುವರಿ ಆಂಟಿವೈರಸ್ ಸರ್ವಥಾ ನಿರರ್ಥಕವೆಂದು ನಾನು ಹೇಳೆನು. ಮನೆಯ ಹಲವು ಯಂತ್ರಗಳನ್ನು ಒಂದೆಡೆಯಿಂದ ನೋಡಿಕೊಳ್ಳಬೇಕೆನ್ನುವವರಿಗೆ ಅದು ಉಪಯುಕ್ತವಾದೀತು. ಆದರೆ ಕೊಳ್ಳುವುದಾದರೆ ಒಂದನ್ನೇ ಕೊಳ್ಳತಕ್ಕದ್ದು, ಭಯದ ಗಳಿಗೆಯಲ್ಲಿ ಕೊಳ್ಳತಕ್ಕದ್ದಲ್ಲ.

ಹೊರಡುವ ಮುನ್ನ ಹುಡುಗನು ಕೇಳಿದನು: “ಅಜ್ಜಾರ ಪತ್ರಗಳದು ಇನ್ನೊಂದು ಕಾಪಿ ಎಲ್ಲೈತ್ರಿ?” ಎಲ್ಲಿಯೂ ಇರಲಿಲ್ಲ. ತಂದೆಯವರು ಮುಖ್ಯವಾದ ಯಾವ ಪತ್ರವನ್ನೂ ಕಾರ್ಬನ್ ಕಾಗದವಿಡದೆ ಬರೆದವರಲ್ಲ. ಅವರು ಹಾಗೆ ಉಳಿಸಿದ್ದ ಪ್ರತಿಗಳಿಂದಲೇ ನನ್ನ ಸಂಗ್ರಹವು ಸಾಧ್ಯವಾಗಿತ್ತು. ಅದನ್ನು ದಿನವೂ ಓದುತ್ತಿದ್ದ ನಾನು ಆ ಒಂದು ಅಭ್ಯಾಸವನ್ನು ಮಾತ್ರ ಅವರಿಂದ ಪಡೆದಿರಲಿಲ್ಲ. ಈಗ ನವೀಕರಣಕ್ಕೆ ವ್ಯಯವಾಗುತ್ತಿದ್ದ ಹಣದಲ್ಲಿ ಕೊಂಡ ಹಾರ್ಡ್ ಡಿಸ್ಕಿಗೆ ಪ್ರತಿ ಅಮಾವಾಸ್ಯೆಯಂದು ಎಲ್ಲವನ್ನೂ ಪ್ರತಿಮಾಡಿ, ಪಿಡುಗು ತಗುಲಿದರೂ ಅದನ್ನು ಮುಟ್ಟದಿರಲೆಂದು ತಂತಿಯನ್ನು ಕಳಚಿ, ಹುಬ್ಬಳ್ಳಿಯ ತಂಗಿಯ ಮನೆಯಲ್ಲಿ, ತಂದೆಯವರ ಪತ್ರಗಳ ಟ್ರಂಕಿನೊಳಗೆಯೇ ಇಟ್ಟುಬರುತ್ತಿದ್ದೇನೆ.