ಒಬ್ಬರಿಗೆ ಒಂದೇ ವಾಹನ: ಮೆಕ್ಸಿಕೊ ಗಡಿಯ ನಿಯಮ

ಟೆಕ್ಸಾಸ್‌ನಿಂದ ಮೋಟರ್‌ಹೋಮಿನ ಹಿಂದೆ ಕಾರೊಂದನ್ನು ಎಳೆದುಕೊಂಡು ಮೆಕ್ಸಿಕೊದ ಒಳನಾಡಿಗೆ ಹೋಗಬಯಸುವ, ಎರಡೂ ವಾಹನಗಳು ಪತಿಯ ಹೆಸರಿನಲ್ಲಿರುವ ದಂಪತಿ ಮೊದಲು ತಿಳಿಯಬೇಕಾದುದು ಅಲ್ಲಿನ ತಾತ್ಕಾಲಿಕ ಆಮದು ಪರವಾನಗಿಯ ಸ್ವರೂಪವನ್ನು. ವಿದೇಶಿ ವಾಹನವನ್ನು ಸುಂಕ ತೆರದೆ ಒಳತಂದು, ಅವಧಿಯೊಳಗೆ ಮರಳಿ ಒಯ್ಯುವುದಾಗಿ ಒಪ್ಪುವ ಈ ಪತ್ರವು ಒಬ್ಬ ವ್ಯಕ್ತಿಗೆ ಒಂದು ಕಾಲಕ್ಕೆ ಒಂದೇ ವಾಹನಕ್ಕೆ ದೊರೆಯುತ್ತದೆ. ಆದ್ದರಿಂದ ಮೋಟರ್‌ಹೋಮಿನ ಪರವಾನಗಿಯನ್ನು ಪತಿಯೂ ಕಾರಿನದನ್ನು ಪತ್ನಿಯೂ ಪಡೆಯುವುದೇ ಸರಿಯಾದ ದಾರಿ. ಕಾರಿನ ಒಡೆತನ ಪತಿಯದಾಗಿದ್ದರೂ, ವಿವಾಹ ಪ್ರಮಾಣಪತ್ರದ ಆಧಾರದ ಮೇಲೆ ಪತ್ನಿ ಅದನ್ನು ಒಳತರಬಹುದು. ಮದುವೆ ಕರ್ನಾಟಕದಲ್ಲಿ ನೋಂದಣಿಯಾಗಿದ್ದರೆ ಪ್ರಮಾಣಪತ್ರದ ಸ್ಪ್ಯಾನಿಷ್ ಅನುವಾದವೂ ಜೊತೆಗಿರುವುದು ಕ್ಷೇಮ.

ನಿಜವಾದ ತೊಡಕು ಇರುವುದು ಅವಧಿಯಲ್ಲಿ. ಪ್ರವಾಸಿಯ ಕಾರಿಗೆ ಹೆಚ್ಚೆಂದರೆ 180 ದಿನ, ಮೋಟರ್‌ಹೋಮಿಗೆ 10 ವರ್ಷ ಸಿಗುವುದರಿಂದ, ದೊಡ್ಡ ವಾಹನದ ನಿಶ್ಚಿಂತೆಯಲ್ಲಿ ಚಿಕ್ಕದರ ಗಡುವನ್ನು ಮರೆಯುವ ಅಪಾಯವಿದೆ. ಪರವಾನಗಿ ನೀಡುವ ಬಾನ್‌ಹೆರ್ಸಿತೊ ಎಂಬ ಸರ್ಕಾರಿ ಬ್ಯಾಂಕು 2007ರ ಮತ್ತು ಅನಂತರದ ಮಾದರಿಯ ಕಾರಿಗೆ 400 ಅಮೆರಿಕನ್ ಡಾಲರ್ ಠೇವಣಿ ಪಡೆಯುತ್ತದೆ. ಗಡುವು ಮೀರಿದರೆ ಆ ಹಣ ಕೈತಪ್ಪುತ್ತದೆ, ಹಳೆಯ ಪರವಾನಗಿ ರದ್ದಾಗದ ಹೊರತು ಅದೇ ವ್ಯಕ್ತಿಗೆ ಹೊಸದು ಸಿಗುವುದಿಲ್ಲ. ಎರಡೂ ವಾಹನಗಳಿಗೆ ಮೆಕ್ಸಿಕೊದ ವಿಮೆ ಪ್ರತ್ಯೇಕವಾಗಿ ಬೇಕು.

ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದಲ್ಲಷ್ಟೇ ಸುತ್ತುವುದಾದರೆ ಈ ಪರವಾನಗಿಯೇ ಬೇಕಿಲ್ಲ. ಒಳನಾಡಿಗೆ ಹೋಗುವುದಾದರೆ, ಮರಳುವಾಗ ಕಾರಿನ ಪರವಾನಗಿಯನ್ನು ಗಡಿಯ ಕಚೇರಿಯಲ್ಲಿ ರದ್ದುಪಡಿಸಿ ರಸೀದಿ ಪಡೆಯದೆ ದಂಪತಿ ಗಡಿ ದಾಟಬಾರದು.