ಜೀನ್ ರಿಪೋರ್ಟು ಬರುವವರೆಗೆ

ಮಿದುಳಿನ ಗಡ್ಡೆ ಅಂದರೆ ನಮ್ಮ ಕಡೆ ಎಲ್ಲರ ಪ್ರಶ್ನೆಯೂ ಒಂದೇ: "ಎಷ್ಟನೇ ಸ್ಟೇಜಂತೆ?" ಕೊಪ್ಪದ ಮೆಡಿಕಲ್ ಶಾಪಿನಲ್ಲಿ ಕೇಳಿದರು, ನರಸಿಂಹರಾಜಪುರದಿಂದ ನೋಡಲು ಬಂದ ಚಿಕ್ಕಪ್ಪನೂ ಕೇಳಿದರು. ತಮ್ಮನಿಗೆ ಬಂದಂಥ ಗ್ಲಯೋಮಾಗಳಿಗೆ ಸ್ಟೇಜ್ ಹೇಳುವುದಿಲ್ಲ, ಗ್ರೇಡ್ ಹೇಳುತ್ತಾರೆ. ಚಿಕಿತ್ಸೆ ನಿರ್ಧರಿಸಲು ಅದೊಂದೇ ಸಾಲದು ಎಂಬುದು ಅವನ ಆಪರೇಷನ್ ಆದಮೇಲೆ ತಿಳಿಯಿತು.

ತಮ್ಮ ಶೃಂಗೇರಿ ಹತ್ತಿರ ಅಡಿಕೆ ತೋಟ ನೋಡಿಕೊಳ್ಳುವವ. ಆಳು ಸಿಗದಿದ್ದರೆ ತಾನೇ ಮರ ಹತ್ತಿ ಕೊನೆ ಇಳಿಸುತ್ತಿದ್ದ. ಮೊದಲ ಸಲ ಫಿಟ್ಸ್ ಬಂದದ್ದು ಮಂಗನ ಕಾಯಿಲೆಯ ಕಾಲದಲ್ಲಿ, ಹಾಗಾಗಿ ಮನೆಯವರೆಲ್ಲ ಮೊದಲು ಹೆದರಿದ್ದು ಅದಕ್ಕೇ. ಆದರೆ ಜ್ವರವೇ ಇರಲಿಲ್ಲ. ಸ್ಕ್ಯಾನ್ ಮಾಡಿದರೆ ಮಿದುಳಿನ ಮುಂಭಾಗದಲ್ಲಿ ಗಡ್ಡೆ, ಒಳಗೆ ಸುಣ್ಣ ಕಟ್ಟಿದ ಚುಕ್ಕೆಗಳು. ಆಗುಂಬೆ ಘಾಟಿ ಇಳಿದು ಹೋಗಿ ಆಪರೇಷನ್ ಮಾಡಿಸಿದೆವು.

ಆಮೇಲಿನ ಕಾಯುವಿಕೆಯೇ ಕಷ್ಟ. "ಗಡ್ಡೆ ತೆಗ್ದಾಯ್ತಲ್ಲ, ಇನ್ನೆಂಥ ರಿಪೋರ್ಟು?" ಎಂದು ಅಮ್ಮ ದಿನಾ ಕೇಳುವರು. ಡಾಕ್ಟರು ಕಾಗದದ ಮೇಲೆ ಬರೆದು ವಿವರಿಸಿದರು. ಐಡಿಎಚ್ ಎಂಬ ಜೀನ್ ಬದಲಾಗಿದೆಯೇ ಎಂಬುದು ಮೊದಲ ಪರೀಕ್ಷೆ. ಈ ಗಡ್ಡೆಗಳಲ್ಲಿ ಅದು ಪತ್ತೆಯಾದದ್ದೇ 2008ರಲ್ಲಿ. ಬದಲಾಗಿದ್ದರೆ ಮುಂದಿನ ಪ್ರಶ್ನೆ: 1ನೇ ವರ್ಣತಂತುವಿನ ಗಿಡ್ಡ ತೋಳು, 19ನೆಯದರ ಉದ್ದ ತೋಳು, ಎರಡೂ ಕಳೆದುಹೋಗಿವೆಯೇ? ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ ಇವೆಲ್ಲ ಇದ್ದರೆ ಮಾತ್ರ ಅದು ಆಲಿಗೋಡೆಂಡ್ರೋಗ್ಲಯೋಮಾ. ಸೂಕ್ಷ್ಮದರ್ಶಕದಲ್ಲಿ ಹಾಗೆ ಕಂಡರೆ ಸಾಲದು. ಈ ಪರೀಕ್ಷೆಗೆಂದು ಗಡ್ಡೆಯ ಚೂರಿದ್ದ ಮೇಣದ ಬ್ಲಾಕನ್ನು ಬೇರೆ ಲ್ಯಾಬಿಗೆ ಕಳಿಸಬೇಕಾಯಿತು.

ತಮ್ಮನ ರಿಪೋರ್ಟಿನಲ್ಲಿ ಎಲ್ಲವೂ ಇದ್ದವು. ಗ್ರೇಡ್ 3. "ಮೂರು" ಅಂದದ್ದೇ ನಮ್ಮ ಕೈಕಾಲು ತಣ್ಣಗಾಯಿತು. ಡಾಕ್ಟರ ಮುಖದಲ್ಲಿ ಆ ಗಾಬರಿ ಇರಲಿಲ್ಲ. ಕಾರಣ, ಅಮೆರಿಕದಲ್ಲಿ 1994ರಿಂದ 291 ರೋಗಿಗಳನ್ನು ಸೇರಿಸಿಕೊಂಡು ನಡೆದ ಒಂದು ಅಧ್ಯಯನ. ರೇಡಿಯೇಷನ್ ಮಾತ್ರ ಒಂದು ಗುಂಪಿಗೆ, ಜೊತೆಗೆ ಪಿಸಿವಿ ಎಂಬ ಮೂರು ಔಷಧಿಗಳ ಕೀಮೋ ಇನ್ನೊಂದಕ್ಕೆ. 2006ರ ವರದಿಯಲ್ಲಿ ಎರಡೂ ಗುಂಪಿನವರ ಆಯುಷ್ಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. 2013ರ ಹೊತ್ತಿಗೆ ಚಿತ್ರವೇ ಬೇರೆ: ಎರಡೂ ತೋಳು ಕಳೆದುಹೋಗಿದ್ದ ರೋಗಿಗಳಲ್ಲಿ ರೇಡಿಯೇಷನ್ ಮಾತ್ರ ಪಡೆದವರ ಮಧ್ಯಮ ಆಯುಷ್ಯ 7.3 ವರ್ಷ, ಕೀಮೋ ಕೂಡ ಪಡೆದವರದು 14.7. ನನಗೆ ಈ ಅಂಕಿಗಳಿಗಿಂತ ದೊಡ್ಡದಾಗಿ ಕಂಡದ್ದು ಆ ಎರಡು ವರದಿಗಳ ನಡುವಿನ ಏಳು ವರ್ಷ. ಅಷ್ಟು ತಾಳ್ಮೆಯಿಂದ ಲೆಕ್ಕ ಇಟ್ಟವರಿಲ್ಲದಿದ್ದರೆ ನಮ್ಮ ಡಾಕ್ಟರ ಬಳಿ ಹೇಳಲು ಏನಿರುತ್ತಿತ್ತು?

ನ್ಯೂಜೆರ್ಸಿಯಲ್ಲಿರುವ ಸೋದರತ್ತೆಯ ಮಗ ವೊರಾಸಿಡೆನಿಬ್ ಎಂಬ ಮಾತ್ರೆಯ ಸುದ್ದಿ ಕಳಿಸಿದ. 2024ರಲ್ಲಿ ಅಲ್ಲಿ ಒಪ್ಪಿಗೆ ಪಡೆದದ್ದು, ಐಡಿಎಚ್ ಮೇಲೆಯೇ ಕೆಲಸ ಮಾಡುವಂಥದ್ದು. ಡಾಕ್ಟರು ನೋಡಿ, ಇದರ ಅಧ್ಯಯನ ನಡೆದದ್ದು ಗ್ರೇಡ್ 2ರವರಲ್ಲಿ, ಆಪರೇಷನ್ ಆಗಿ ತಕ್ಷಣ ರೇಡಿಯೇಷನ್ ಬೇಕಿಲ್ಲದವರಲ್ಲಿ ಅಂದರು. ಜೀನ್ ಒಂದೇ ಆದರೂ ಔಷಧಿ ಒಂದೇ ಅಲ್ಲ.

ಇನ್ನು ಕೀಮೋ ಯಾವುದು, ಪಿಸಿವಿಯೋ, ಟೆಮೊಝೊಲೊಮೈಡೋ? ಮೊದಲನೆಯದಕ್ಕೆ ಹಳೆಯ ಪುರಾವೆ ಗಟ್ಟಿ; ಆದರೆ ಅದರಲ್ಲಿರುವ ವಿನ್‌ಕ್ರಿಸ್ಟೀನ್ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್, ರಕ್ತಕಣಗಳೂ ಹೆಚ್ಚು ಇಳಿಯುತ್ತವೆ. ಎರಡನೆಯದು ಮನೆಯಲ್ಲೇ ನುಂಗುವ ಕ್ಯಾಪ್ಸೂಲ್, ತಡೆದುಕೊಳ್ಳುವುದು ಸುಲಭ. ಇದನ್ನು ತೀರ್ಮಾನಿಸಲು ಆಸ್ಪತ್ರೆಯಲ್ಲಿ ನಡೆದ ಮೀಟಿಂಗಿನಲ್ಲಿ ಸರ್ಜನ್, ಪೆಥಾಲಜಿಸ್ಟ್, ರೇಡಿಯೇಷನ್ ಡಾಕ್ಟರು, ಕೀಮೋ ಡಾಕ್ಟರು ಎಲ್ಲ ಕೂತು ಚರ್ಚಿಸಿದರಂತೆ. ನಮ್ಮನ್ನು ಕರೆದು ಕೇಳಿದ್ದು ಬೇರೆಯೇ ಪ್ರಶ್ನೆಗಳು: ಮನೆಯಿಂದ ಆಸ್ಪತ್ರೆ ಎಷ್ಟು ದೂರ? ಮಳೆಗಾಲದಲ್ಲಿ ಘಾಟಿ ಮುಚ್ಚಿದರೆ? ರಕ್ತ ಪರೀಕ್ಷೆ ಎಲ್ಲಿ ಮಾಡಿಸುತ್ತೀರಿ? ಏನು ಕೆಲಸ? ಮರ ಹತ್ತುವುದು, ಗಾಡಿ ಓಡಿಸುವುದು ಬೇಡವೇ ಬೇಡ ಅಂದರು. ತಮ್ಮನಿಗೆ ಕೀಮೋಗಿಂತ ಹೆಚ್ಚು ಸಂಕಟವಾದದ್ದು ಆ ಮಾತಿಗೆ.

ಕೊನೆಗೆ ಪಿಸಿವಿಯೇ ಆಯಿತು. ವಯಸ್ಸು ಚಿಕ್ಕದು, ಒಂದಿಷ್ಟು ಹೆಚ್ಚು ಓಡಾಡಿದರೂ ಸರಿ, ವರ್ಷಗಟ್ಟಲೆ ಪರೀಕ್ಷೆಗೆ ನಿಂತದ್ದೇ ಇರಲಿ ಎಂದು ನಾವೂ ಒಪ್ಪಿದೆವು. ರಕ್ತ ಪರೀಕ್ಷೆ ಕೊಪ್ಪದಲ್ಲೇ ಮಾಡಿಸಿ ವಾಟ್ಸ್ಆ್ಯಪಿನಲ್ಲಿ ಕಳಿಸುತ್ತೇವೆ. ಪ್ಲೇಟ್‌ಲೆಟ್ ಇಳಿದಿದ್ದಕ್ಕೆ ಒಂದು ಸುತ್ತು ಮುಂದೂಡಿದ್ದಾರೆ. ಈ ವರ್ಷದ ಅಡಿಕೆ ಕೊಯ್ಲನ್ನು ಗುತ್ತಿಗೆಗೆ ಕೊಟ್ಟಿದ್ದೇವೆ.